ಬದುವಿನ ಹಕ್ಕರಕಿ

ಶೇಂಗಾ ಹೊಲದ ಬದುವಿಗೆ ಕುಡುಗೋಲು ಹುಡುಕುತ್ತ ಹೋದಾಗ ಕಂಡಿತು: ಹಕ್ಕರಕಿ ಸೊಪ್ಪನ್ನು ಯಾರೋ ಬುಡಕ್ಕೇ ಚಿವುಟಿ ಒಯ್ದಿದ್ದರು. ಚಿವುಟಿದ ಕಡೆ ಬಿಳಿ ಹಾಲು ಇನ್ನೂ ಆರಿರಲಿಲ್ಲ.

ನಿನ್ನೆ ಸಂಜೆ ನನ್ನ ಗಂಡ ಇನಾಯತ ಇದೇ ಬದುವಿಗೆ ಕಸ ಸಾಯುವ ಎಣ್ಣಿ, ಅಂದರೆ ಕಳೆನಾಶಕ, ಹೊಡೆದಿದ್ದರು. ಪಂಪಿಗೆ ನೀರು ಹೊತ್ತು ಹಾಕಿದವಳು ನಾನೇ. ಬೆಳಿಗ್ಗೆ ಕಳೆ ತೆಗೆಯಲು ಒಬ್ಬಳೇ ಬಂದ ನೀಲಗಂಗಕ್ಕನಿಗೆ ಒಂದು ಮಾತು ಹೇಳಲಿಲ್ಲ. ಎಮ್ಮೆ, ರೊಟ್ಟಿ, ಮಗಳ ಶಾಲೆ. ತಲೆಯಲ್ಲಿ ಅದೇ ಇತ್ತು. ಎಣ್ಣಿ ಬಿದ್ದ ಗಿಡ ಎರಡು ಮೂರು ದಿನ ಹಚ್ಚಗೇ ಇರುತ್ತದೆ. ಹಕ್ಕರಕಿಯನ್ನಂತೂ ನಮ್ಮ ಕಡೆ ರೊಟ್ಟಿಯ ಜೊತೆ ಹಸಿದನ್ನೇ ತಿನ್ನುತ್ತಾರೆ.

ಶನಿವಾರ, ಮೊಮ್ಮಗಳ ಶಾಲೆ ಅರ್ಧ ದಿನ ಅಂತ ನೀಲಗಂಗಕ್ಕ ಆಗಲೇ ತನ್ನೂರು ಹೊಂಬಳದ ಟಂಟಂ ಆಟೋ ಹತ್ತಿದ್ದಳು. ಫೋನ್ ಹಚ್ಚಿದೆ. ಎತ್ತಲಿಲ್ಲ. ಗಂಡನ ಹತ್ತಿರ ಓಡಿದೆ.

"ಗಾಡಿ ತೆಗೀರಿ! ಎಣ್ಣಿ ಡಬ್ಬಿನೂ ತಗೋರಿ."

"ಖಾಲಿ ಡಬ್ಬಿ ಯಾಕ?"

"ದವಾಖಾನ್ಯಾಗ ಯಾವ ಎಣ್ಣಿ ಅಂತ ಕೇಳ್ತಾರ!"

ಹಾದಿಯುದ್ದಕ್ಕೂ ಜಗಳ.

"ನಾ ಕಸಕ್ಕ ಹೊಡದೇನಿ, ಬೆಳಿ ಮ್ಯಾಲ ಹೊಡದಿಲ್ಲ."

"ನಿಮಗ ಕಸ. ಅಕಿಗೆ ಊಟ."

"ನಿನಗ ಗೊತ್ತಿತ್ತಲ್ಲ? ಹೇಳಾಕ ಬಾಯಿ ಇದ್ದಿಲ್ಲೇನ?"

ಗೊಬ್ಬರ ಹೇರಿದ ಟ್ರ್ಯಾಕ್ಟರೊಂದು ದಾರಿ ಬಿಡಲೊಲ್ಲದು. ಇನಾಯತ ಹಾರ್ನ್ ಒತ್ತಿಯೇ ಒತ್ತಿದರು.

ನೀಲಗಂಗಕ್ಕನ ಬಾಗಿಲು ತೆರೆದಿತ್ತು. ಆರು ವರ್ಷದ ಮೊಮ್ಮಗಳು ಸುಶ್ಮಿತಾ ತಾಟಿನ ಮುಂದೆ ಕುಂತಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಹಕ್ಕರಕಿ. ತುತ್ತು ಬಾಯಿಯ ಹತ್ತಿರ ಹೋಗಿತ್ತು. ಚಪ್ಪಲಿಗಾಲಲ್ಲೇ ಓಡಿ ಕೈ ಹಿಡಿದೆ. ಕೂಸು ಚೀರಿತು.

ನೀಲಗಂಗಕ್ಕ ಒಲೆಯ ಮುಂದಿನಿಂದ ನಗುತ್ತ ಎದ್ದು ಬಂದಳು. "ಯವ್ವಾ ಸಾಬೀರಾ! ಒಂದು ಉಡಿ ಹಕ್ಕರಕಿ ಕಸಗೊಳ್ಳಾಕ ಗಂಡನ್ನ ಕಟಿಗೊಂಡು ಬಂದ್ಯಾ?"

"ಅಕ್ಕಾ, ಅದಕ್ಕ ನಿನ್ನೆ ಎಣ್ಣಿ ಹೊಡದೇವಿ. ನಾ ಹೇಳಲಿಲ್ಲ. ಕೂಸು ತಿಂದೈತೇನ?"

ಅವಳ ನಗು ಹೋಯಿತು. "ಇಲ್ಲ. ಈಗ ಕುಂತೈತಿ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ತಿಂದೇನಿ. ಟಂಟಂದಾಗ. ಒಂದು ಹಿಡಿ."

ಕೂಸಿನ ಕೈಬಾಯಿ ಸೋಪು ಹಚ್ಚಿ ತೊಳೆದು ನೆರೆಮನೆಯಲ್ಲಿ ಬಿಟ್ಟೆವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಎಂದರು ಇನಾಯತ. "ಬ್ಯಾಡ್ರಿ, ಡಬ್ಬಿ ಮ್ಯಾಲ ಮಾಡಸಬ್ಯಾಡ್ರಿ ಅಂತ ಬರದಾರ," ಎಂದೆ. ಗದಗಿನ ದವಾಖಾನೆ ಮುಟ್ಟುವವರೆಗೆ ನಮ್ಮಿಬ್ಬರ ನಡುವೆ ಕುಂತ ನೀಲಗಂಗಕ್ಕ ಒಂದೇ ಮಾತು ಆಡಿದಳು: "ನನಗೇನರ ಆದ್ರ ಸುಶ್ಮಿತಾನ್ನ ಯಾರು ನೋಡ್ತಾರ?"

ಡಾಕ್ಟರು ಡಬ್ಬಿಯ ಮೇಲಿನದನ್ನು ಎರಡು ಸಲ ಓದಿದರು. "ಸಂಜಿ ತನಕ ಇಲ್ಲೇ ಇರಲಿ." ನಾನು ಸ್ಟೂಲಿನ ಮೇಲೆ ಕುಂತು ಅವಳ ಎದೆ ಏರಿಳಿಯುವುದನ್ನೇ ನೋಡಿದೆ. ಕೆಮ್ಮಿದರೆ ಏಳುತ್ತಿದ್ದೆ. ಮಗ್ಗಲು ಬದಲಿಸಿದರೆ ಏಳುತ್ತಿದ್ದೆ.

ಆರು ಗಂಟೆಗೆ ಡಾಕ್ಟರು ಮತ್ತೆ ನಾಡಿ ನೋಡಿದರು. "ಗಾಬರಿ ಇಲ್ಲ. ಊಟ ಮಾಡಬಹುದು. ನಾಳೆ ಮತ್ತ ತೋರಿಸ್ರಿ."

ಇನಾಯತ ಮನೆಯಿಂದ ಬುತ್ತಿ ತಂದಿದ್ದರು. ಬಿಚ್ಚಿ ಮುಂದಿಟ್ಟೆ. ನೀಲಗಂಗಕ್ಕನ ಕೈ ಪಲ್ಯದ ಮೇಲೆ ನಿಂತಿತು.

"ಇದು ಯಾವ ಹೊಲದ್ದು?"

"ಸಂತ್ಯಾಗಿನ ಬದನಿಕಾಯಿ, ಅಕ್ಕಾ."

ಕೈ ಕದಲಲಿಲ್ಲ. ನಾನು ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟೆ. ತುತ್ತು ಗಂಟಲಿಳಿಯುವ ತನಕ ಅವಳು ನನ್ನ ಮುಖವನ್ನೇ ನೋಡಿದಳು.

"ಇನ್ನೊಂದು ತಿನ್ನು," ಎಂದಳು.