ನಿಮ್ಮೋರೇ ಹೇಳಿದ್ದು

"ಉಚ್ಚೆ ಹುಯ್ಯೋಕೆ ಎಲ್ಲಿ ನಿಲ್ಲಿಸಿದ್ದೆ ಅನ್ನೋದೂ ನಂಗೊತ್ತು ಕಣೋ, ಬೋಳಿಮಗನೇ!"

ಧಣಿ ಮೆಟ್ಟಿಲ ಮೇಲಿದ್ದ, ನನ್ನ ತಮ್ಮ ಮೆಟ್ಟಿಲ ಕೆಳಗೆ, ಕೈಯಲ್ಲಿ ಕಾರು ಒರೆಸುವ ಒದ್ದೆ ಬಟ್ಟೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ಈರುಳ್ಳಿ ಹೆಚ್ಚುತ್ತ ನಿಂತಿದ್ದೆ. ಈ ಮನೆಯಲ್ಲಿ ಒಲೆ ನನ್ನದು, ಕಾರು ತಮ್ಮನದು. ನನ್ನದು, ಅವನದು ಅಂದರೆ ದುಡಿಯೋದಕ್ಕೆ ಮಾತ್ರ. ಅವನನ್ನು ಇಲ್ಲಿಗೆ ತಂದು ಸೇರಿಸಿದವಳೂ ನಾನೇ.

"ಅಮ್ಮಾವ್ರನ್ನ ಕ್ಲಾಸಿಗೆ ಬಿಟ್ಟು ಅಲ್ಲೇ ಕಾಯ್ಕೊಂಡಿರು ಅಂದ್ರೆ, ಹೆರಿಗೆ ಆಸ್ಪತ್ರೆಗೆ ಹೋಗ್ತೀಯಾ? ಹೆಂಡ್ತಿ ಮುಖ ನೋಡೋಕೆ ನನ್ನ ಕಾರು, ನನ್ನ ಪೆಟ್ರೋಲು!"

"ಹೊಟ್ಟೆ ಕುಯ್ದು ಮಗು ತೆಗೆದಿದ್ದಾರೆ ಧಣಿ. ಆ ಹೊತ್ತು ಬಿಟ್ರೆ ವಾರ್ಡಿಗೆ ಬಿಡಲ್ಲ. ಒಂದು ಗಳಿಗೆ ನೋಡಿ..."

"ನಿನ್ನ ಹೆಂಡ್ತಿ ಹೆತ್ರೆ ನಂಗೇನೋ? ನಾನು ಬಸುರು ಮಾಡಿದ್ನಾ?" ಎಂದು ತನ್ನ ಮಾತಿಗೆ ತಾನೇ ನಕ್ಕ.

ತಮ್ಮ ನಗಲಿಲ್ಲ. "ಯಾರು ಹೇಳಿದ್ರು ಧಣಿ ನಿಮಗೆ?" ಅಂತ ಕೇಳಿದ.

ಧಣಿ ಮೀಸೆ ತೀಡಿಕೊಂಡ. "ನಿಮ್ಮೋರೇ ಹೇಳಿದ್ದು ಕಣೋ. ಇನ್ನೊಂದ್ಸಲ ಆ ಕಡೆ ಕಾರು ತಿರುಗಿಸಿದ್ರೆ ಕೀ ಇಟ್ಟು, ಹಿಂದಿನ ರೂಮು ಖಾಲಿ ಮಾಡ್ಕೊಂಡು ತೊಲಗು."

ತಮ್ಮ ಅಂಗಳದಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದ. ಗಿಡಕ್ಕೆ ನೀರು ಬಿಡುತ್ತಿದ್ದ ತೋಟದ ಮುದುಕ, ಪೊರಕೆ ಹಿಡಿದು ನಿಂತಿದ್ದ ಮುಸುರೆಯವಳು, ಕಿಟಕಿಯಲ್ಲಿ ನಾನು. ಅವನ ಕಣ್ಣು ನನ್ನ ಮೇಲೇ ನಿಂತುಬಿಟ್ಟಿತು. ಆಸ್ಪತ್ರೆಗೆ ಕದ್ದು ಹೋಗಿಬರುವ ವಿಷಯ ಅವನು ಹೇಳಿದ್ದು ನನ್ನೊಬ್ಬಳಿಗೇ. ಹಿತ್ತಲ ಬಾಗಿಲಿಗೆ ಬಂದು, "ಹೆಣ್ಣು ಕಣಕ್ಕಾ, ಮೂಗು ನಿಂದೇ, ಚಪ್ಪಟೆ. ರಜೆ ಸಿಕ್ಕ ದಿನ ಬಂದು ಎತ್ಕೋ" ಎಂದಿದ್ದ. ನಾನು ಸೌಟಿನಲ್ಲಿ ಒಂದು ಬಿಟ್ಟಿದ್ದೆ. ನಕ್ಕು ಓಡಿದ್ದ.

"ನಾನಲ್ಲ ಕಣೋ!" ನಾನು ಕಿಟಕಿಯಿಂದಲೇ ಕೂಗಿದೆ.

ಯಾರೂ ನನ್ನನ್ನು ಕೇಳಿರಲಿಲ್ಲ. ಮುಸುರೆಯವಳು ಪೊರಕೆ ಕುಟ್ಟಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲಂತೆ" ಅಂದಳು.

ಆ ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು ಬಂದದ್ದೇ ಮಾತು ನಿಂತಿತು. ಮುದುಕ ತನ್ನ ತಟ್ಟೆ ಎತ್ತಿಕೊಂಡು ಪಂಪಿನ ಹತ್ತಿರ ಹೋದ. ಒಂದು ದಿನ ಬೆನ್ನುನೋವು ತಡೆಯಲಾರದೆ ಅವನು ಶೆಡ್ಡಿನಲ್ಲಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಒರಗಿದ್ದನಂತೆ. ಅದೂ ಧಣಿಗೆ ಗೊತ್ತಾಗಿ ಎಲ್ಲರೆದುರು ಕಿವಿ ಹಿಂಡಿಸಿಕೊಂಡಿದ್ದ. ಮುಸುರೆಯವಳು ಸೀಟು ಒರೆಸುತ್ತ ಅಮ್ಮಾವ್ರ ಮಾತಿನ ಧಾಟಿಯನ್ನು ಅಣಕಿಸಿದ್ದಳು. ಅದಕ್ಕೂ ಬೈಗುಳ ಬಿದ್ದಿತ್ತು. ಯಾರು ಹೇಳಿದರು ಅಂದರೆ ಅದೇ ಮಾತು, ನಿಮ್ಮೋರೇ. ಈಗ ಆ ನಿಮ್ಮೋರು ನಾನೇ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು.

"ಅಡುಗೆಯವರೇ, ಸ್ವಲ್ಪ ನೀರು ಕೊಡಿ" ಅಂದ ತಮ್ಮ.

ಅಡುಗೆಯವರೇ! ಕೊಡಿ! ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆ ನಾನು ಇವನನ್ನು. ಅಕ್ಕಾ ಅನ್ನದೆ ಒಂದು ಲೋಟ ನೀರು ಕೇಳಿದವನಲ್ಲ. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಲೋ, ನಿನ್ನ ಮಗು ಮೇಲೆ ಆಣೆ..."

"ನನ್ನ ಮಗು ಹೆಸರು ಎತ್ತಬೇಡಿ. ಅದರ ಹತ್ರ ನಿಮ್ಮ ನೆರಳೂ ಬೀಳೋದು ಬೇಡ" ಎಂದು ಕೈ ತೊಳೆದುಕೊಂಡು ಹೋದ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಮುಸುರೆಯವಳು ಗೋಡೆಗೆ ಹೇಳಿದಳು.

ನನಗೂ ಅನುಮಾನ ಹತ್ತಿಕೊಂಡಿತು. ಮುದುಕನ ಮೇಲೆ, ಮುಸುರೆಯವಳ ಮೇಲೆ, ಕೊನೆಗೆ ನನ್ನ ಮೇಲೇ. ನಿದ್ದೆಯಲ್ಲಿ ಏನಾದರೂ ಬಡಬಡಿಸಿದೆನಾ? ಆದರೆ ಒಂದು ಮಾತ್ರ ತಲೆಗೆ ಹತ್ತಲಿಲ್ಲ. ನಾನು ಒಲೆಯ ಮುಂದೆ ಧಣಿಯ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದ್ದೇನೆ. ಮುಸುರೆಯವಳು ಎಷ್ಟೋ ಸಲ ಕೇಳಿಸಿಕೊಂಡು ನಕ್ಕಿದ್ದಾಳೆ. ಅದ್ಯಾವುದೂ ಧಣಿಗೆ ತಲುಪಿರಲಿಲ್ಲ. ತಲುಪಿದ್ದೆಲ್ಲ ಕಾರಿನೊಳಗೆ ಆಡಿದ್ದು, ಕಾರಿನೊಳಗೆ ಮಾಡಿದ್ದು.

ಮರುದಿನ ಬೆಳಿಗ್ಗೆ ಧಣಿ ತಿಂಡಿಗೆ ಕೂತಿದ್ದ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟಿದ್ದ. ಬಡಿಸಲು ಬಗ್ಗಿದೆ. ಫೋನಿನಲ್ಲಿ ನನ್ನ ತಮ್ಮನಿದ್ದ.

ಫೋಟೊ ಅಲ್ಲ. ಉಸಿರಾಡುತ್ತಿದ್ದ. ಎಲ್ಲೋ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಅಮ್ಮಾವ್ರ ಕ್ಲಾಸು ಮುಗಿಯುವುದನ್ನು ಕಾಯುತ್ತಿದ್ದ. ಕನ್ನಡಿಯೊಳಗಿಂದ ಯಾರೋ ಬಗ್ಗಿ ನೋಡಿದ ಹಾಗೆ ಅವನ ತಲೆ, ಹೆಗಲು ಕಾಣುತ್ತಿದ್ದವು. ಸ್ಟೇರಿಂಗಿಗೆ ಹಣೆಯಿಟ್ಟು ಅಳುತ್ತಿದ್ದ. ಮೂಗು ಒರೆಸಿಕೊಳ್ಳುವ ಸದ್ದೂ ಸಣ್ಣಗೆ ಕೇಳಿತು.

"ಅಳ್ತಾವ್ನೆ ನನ್ಮಗ" ಎಂದು ಧಣಿ ಅಗಿಯುತ್ತಲೇ ಗೊಣಗಿದ. ಆಮೇಲೆ ನಾನು ನಿಂತಿರುವುದು ಕಂಡು ಫೋನು ಮಗುಚಿಟ್ಟ. "ಏನೇ ಇಣುಕ್ತೀಯಾ? ಬಡಿಸು."

ಬಡಿಸಿದೆ.

ತಮ್ಮ ಬಂದ ಕೂಡಲೇ ಶೆಡ್ಡಿಗೆ ಓಡಿದೆ. "ಕನ್ನಡಿ ಹಿಂದೆ ಅಂಟಿಸಿದ್ದಾರಲ್ಲ, ಆ ಕರೀ ಡಬ್ಬಿ ಕಣೋ! ಅದೇ ನಿನ್ನ ನೋಡೋದು, ಅದೇ ಹೇಳೋದು."

"ಅದು ರಸ್ತೆ ನೋಡೋ ಕ್ಯಾಮೆರಾ. ಯಾರಾದ್ರೂ ಬಂದು ಗುದ್ದಿದ್ರೆ ಸಾಕ್ಷಿಗೆ ಇರಲಿ ಅಂತ ಧಣಿನೇ ಹೇಳಿದ್ರು."

"ಒಳಗಡೆಗೂ ಕಣ್ಣಿದೆ ಅದಕ್ಕೆ. ನೀನು ಬೆಳಿಗ್ಗೆ ಅತ್ತಿದ್ದು ನಾನು ನೋಡ್ದೆ."

ಅವನ ಮುಖ ಕಪ್ಪಿಟ್ಟಿತು. "ಓಹೋ, ಅಳೋದನ್ನೂ ಹಿಂದೆ ಬಂದು ನೋಡ್ತೀರಾ? ಸಿಕ್ಕಿಬಿದ್ದ ಮೇಲೆ ಬಾಯಿಲ್ಲದ ಡಬ್ಬಿ ಮೇಲೆ ಹೇಳ್ತೀರಲ್ಲ, ನಾಚಿಕೆ ಆಗಲ್ವಾ ಅಡುಗೆಯವರೇ?"

ನನಗೆ ಪಿತ್ತ ನೆತ್ತಿಗೇರಿತು. ಬಾಯಿಲ್ಲವಾ? ಅದರ ಬಾಯಿ ಬಿಡಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಅಮ್ಮಾವ್ರು ಇನ್ನೂ ಮೇಲೆ ಸಿಂಗರಿಸಿಕೊಳ್ಳುತ್ತಿದ್ದರು. ಧಣಿ ಒಳಗೆ ತಿಂಡಿಗೆ ಕೂತಿದ್ದ, ಫೋನು ಜಗ್ಗಿಗೆ ಒರಗಿತ್ತು. ಕಾರಿನ ಬಾಗಿಲು ತೆಗೆದಾಗಲೆಲ್ಲ ಆ ಫೋನು ಟಿಂಗ್ ಅನ್ನುವುದನ್ನು ಅಷ್ಟರಲ್ಲಿ ಗಮನಿಸಿದ್ದೆ. ಅಂಗಳದಲ್ಲಿ ತಮ್ಮ ಬಾನೆಟ್ಟು ಒರೆಸುತ್ತಿದ್ದ. ಮುದುಕ ನೀರು ಬಿಡುತ್ತಿದ್ದ, ಮುಸುರೆಯವಳು ಗುಡಿಸುತ್ತಿದ್ದಳು. ನಾನು ಈರುಳ್ಳಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀದಾ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಜಡಿದೆ. ಗಾಜುಗಳೆಲ್ಲ ಏರಿಸಿದ್ದವು.

ತಮ್ಮ ಗಾಜಿಗೆ ಬಡಿದ. "ಏಯ್, ಇಳೀರಿ! ತಲೆ ಕೆಟ್ಟಿದೆಯಾ?" ಎಂದು ಅವನ ತುಟಿ ಆಡುವುದು ಕಂಡಿತು, ಮಾತು ಮಾತ್ರ ಎಲ್ಲೋ ದೂರದಿಂದ ಬಂದಂತಿತ್ತು.

ಕನ್ನಡಿಯ ಕೆಳಗೆ ಮೆಣಸಿನಕಾಳಿನಷ್ಟು ಕರೀ ಗಾಜು. ಅದಕ್ಕೆ ಮುಖ ಕೊಟ್ಟು, ಪಿಸುಮಾತಿನಲ್ಲಿ, ಹೇಳಬೇಕಾದ್ದೆಲ್ಲ ಹೇಳಿದೆ. ಎಷ್ಟೋ ವರ್ಷದ್ದು ಒಳಗಿತ್ತು.

ಮುಗಿಯುವ ಮೊದಲೇ ಧಣಿ ಹೊರಗೆ ನುಗ್ಗಿ ಬಂದ. ಬಲಗೈ ಎಂಜಲು, ಎಡಗೈಯಲ್ಲಿ ಫೋನು. ನಾನು ಬಾಗಿಲು ತೆರೆದು ಇಳಿದೆ.

"ಯಾರನ್ನೇ ಮೀಸೆಗೆ ಮಸಿ ಬಳಿದ ಗೂಬೆ ಅಂದಿದ್ದು? ಎಂಜಲು ಲೌಡಿ! ದಿನಾ ನನ್ನ ಹಾಲಿಗೆ ಉಗುಳಿ ಕೊಡ್ತೀಯೇನೇ? ನಾನು ಕುಡಿಯೋ ಹಾಲಿಗೆ!" ಎಂದು ಕಂಬ ಹಿಡಿದು ಓಕರಿಸಿದ.

ಉಗುಳಿರಲಿಲ್ಲ. ಉಗುಳಬೇಕು ಅನ್ನಿಸಿದ್ದುಂಟು.

ಮುದುಕನ ಕೈಯಲ್ಲಿ ಪೈಪು ಹಾಗೇ ನಿಂತು ನೀರು ಅವನ ಕಾಲಿಗೇ ಸುರಿಯುತ್ತಿತ್ತು.

"ಹೌದು ಧಣಿ, ಅಂದೆ. ಗಾಜು ಏರಿಸ್ಕೊಂಡು, ಒಬ್ಬಳೇ ಕೂತು, ಪಿಸುಗುಟ್ಟಿದೆ. ಇಲ್ಲೇ ನಿಂತಿರೋ ಇವರಿಗೇ ಕೇಳಿಲ್ಲ. ಒಳಗಿದ್ದ ನಿಮಗೆ ಯಾರು ಹೇಳಿದ್ರು? ನಮ್ಮೋರೇನಾ?"

ಧಣಿ ಫೋನನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟರಲ್ಲಿ ತಮ್ಮ ಅದರೊಳಗೆ ಖಾಲಿ ಸೀಟನ್ನೂ ತೆರೆದ ಬಾಗಿಲನ್ನೂ ನೋಡಿಯಾಗಿತ್ತು.

"ಅಯ್ಯೋ ಇವನ ವಂಶ ಎಕ್ಕುಟ್ಟಿಹೋಗ" ಅಂದಳು ಮುಸುರೆಯವಳು.

"ನನ್ನ ಕಾರು, ನನ್ನಿಷ್ಟ! ಕಳ್ಳನನ್ಮಕ್ಕಳನ್ನ ಇಟ್ಕೊಂಡ ಮೇಲೆ ಕಾಯ್ಬೇಡ್ವಾ? ಅಕ್ಕ ತಮ್ಮ ಇಬ್ರೂ ಈಗಲೇ ಹೊರಡಿ. ಪಾತ್ರೆ ಪಗಡೆ ಬೀದಿಗೆ ಎಸೆಸ್ತೀನಿ."

ತಮ್ಮ ಕಾರಿನೊಳಗೆ ಬಗ್ಗಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕನ್ನಡಿಗೂ ಡಬ್ಬಿಗೂ ಸೇರಿಸಿ ಸುತ್ತಿ, ಹೆಣಕ್ಕೆ ಕಟ್ಟುವ ಹಾಗೆ ಗಂಟು ಹಾಕಿದ. ಕೀ ಬಾನೆಟ್ಟಿನ ಮೇಲಿಟ್ಟ.

"ಈಗ ನೋಡ್ಕೊಳ್ಳಿ ಧಣಿ."

ಗೇಟಿನವರೆಗೆ ನನ್ನ ಮುಖ ನೋಡದೆ ನಡೆದ. ಗೇಟು ದಾಟಿದ ಮೇಲೆ ನಿಂತ. "ಅಕ್ಕಾ" ಎಂದ. "ಆಸ್ಪತ್ರೆಗೆ ಹೋಗೋಣ ಬಾ. ನಡ್ಕೊಂಡೇ."

"ಕೈಯೆಲ್ಲಾ ಈರುಳ್ಳಿ ನಾರ್ತಿದೆ ಕಣೋ. ಮಗೂನ ಹೆಂಗೋ ಮುಟ್ಲಿ?" ನನಗೆ ಅಳು ಬಂತು. ಈರುಳ್ಳಿಯದಲ್ಲ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೆಲಸಕ್ಕೆ ಸೇರಿದ ದಿನ ಧಣಿಯೇ ಕೊಡಿಸಿದ್ದ ಫೋನು. ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೂ ನನ್ನನ್ನೂ ನೋಡಿದ.

"ಇದನ್ನ ವಾರ್ಡಿಗೂ ತಗೊಂಡು ಹೋಗಿದ್ದೆ ಅಕ್ಕಾ. ಮಗು ಪಕ್ಕದಲ್ಲೇ ಇಟ್ಟಿದ್ದೆ. ಫೋಟೊ ಎಲ್ಲಾ ಇದರಲ್ಲೇ ಇವೆ."

"ಮಗೂನೇ ಇದೆಯಲ್ಲೋ ಮಂಕೇ, ಫೋಟೊ ಯಾಕೆ?" ಎಂದು ನಾನು ಅದನ್ನು ಕಿತ್ತುಕೊಂಡು ಚರಂಡಿಗೆ ಎಸೆದೆ.

ಕೊಚ್ಚೆಯೊಳಗಿಂದಲೂ ಅದು ಸ್ವಲ್ಪ ಹೊತ್ತು ಕೂಗುತ್ತಿತ್ತು.