ಮೋರಿಯಾಚೆಯ ಸೊನ್ನೆಗಳು

ನನ್ನ ಕೆಲಸ ತಲೆ ಎಣಿಸುವುದು. ಬಸ್ಸಿನ ಬಾಗಿಲ ಪಕ್ಕ ಕೂತು, ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು ಎಂದು ಬರೆಯಬೇಕು. ಹೆಚ್ಚು ಜನ ಹತ್ತುವ ಕಡೆಗೆ ರಸ್ತೆಯ ದುಡ್ಡು, ಹೊಸ ಬಸ್ಸು. ಉಳಿದ ಕಡೆಗೆ ಒಂದು ವಿಷಾದದ ಪತ್ರ. ಕೆಳಸೀಮೆಯಲ್ಲಿ ಗುಂಡಿ ಬೀಳುವ ಮೊದಲೇ ಡಾಂಬರು ಬೀಳುತ್ತದೆ. ಮೇಲ್ಸೀಮೆಯಲ್ಲಿ ಗುಂಡಿಗಳ ನಡುವೆ ಅಲ್ಲಷ್ಟು ಇಲ್ಲಷ್ಟು ರಸ್ತೆ. ಕಣ್ಣಾರೆ ನೋಡದೆ ಒಂದು ಅಂಕಿಯನ್ನೂ ಬರೆದವಳಲ್ಲ ನಾನು. ಕಚೇರಿಯಲ್ಲಿ ನನ್ನನ್ನು ತಕ್ಕಡಿ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನಂತೆ.

ಮೂರು ವರ್ಷದ ಹಿಂದೆ ಮೇಲ್ಸೀಮೆಯ ಈ ದಾರಿಯನ್ನು ಎಣಿಸಿದವಳೂ ನಾನೇ. ಆಗ ದಾರಿಯ ನಡುವಿನ ಹಳ್ಳದ ಮೋರಿ ಕುಸಿದು ಬಸ್ಸು ಅಲ್ಲಿಂದಲೇ ತಿರುಗುತ್ತಿತ್ತು. ಆಚೆಯ ಮೂರು ಊರಿನವರು ಮೋರಿಯವರೆಗೆ ನಡೆದು ಬಂದು ಹತ್ತುತ್ತಿದ್ದರು. ನಿಯಮದಂತೆ ಮೋರಿಗೆ ಇಪ್ಪತ್ತೆರಡು ಬರೆದೆ, ಮೂರು ಊರಿಗೆ ಮೂರು ಸೊನ್ನೆ. ಒಂದೂ ಸುಳ್ಳಲ್ಲ. ಆ ಸೊನ್ನೆಗಳನ್ನೇ ಹಿಡಿದು, ಮೋರಿ ಕಟ್ಟುವ ದುಡ್ಡನ್ನು ಮೇಲಧಿಕಾರಿಗಳು ಕೆಳಸೀಮೆಯ ಮೇಲ್ಸೇತುವೆಗೆ ತಿರುಗಿಸಿದರು.

ಮೂರನೆಯ ಊರಿನಲ್ಲಿ ನನ್ನ ಅಕ್ಕ ಇದ್ದಳು. ಮರುವರ್ಷ ಹೆರಿಗೆ ನೋವು ಬಂದಾಗ ಬಸ್ಸು ಹಿಡಿಯಲು ಮೋರಿಯ ಕಡೆಗೆ ನಡೆದಳು. ಬಸ್ಸಿನ ಡ್ರೈವರ್ ಅವಳ ಗಂಡನೇ, ನನ್ನ ಭಾವ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಹೊತ್ತಾಯಿತೆಂದು ಬಸ್ಸು ತಿರುಗಿಸಿಕೊಂಡು ಹೋದ. ಅವಳು ದಾರಿಯಲ್ಲೇ ಹೆತ್ತಳು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಭಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಈಗ ಊರಿನವರೇ ಕಲ್ಲು ಹೊತ್ತು ತುಂಬಿ ಮೋರಿಯನ್ನು ದಾಟುವಂತೆ ಮಾಡಿ, ಅರ್ಜಿ ಹಾಕಿದ್ದಾರೆ. ಹಾಗಾಗಿ ಇವತ್ತು ಮತ್ತೆ ಎಣಿಕೆ. ಮೂರೂ ಊರಿನಲ್ಲಿ ಸೊನ್ನೆ ಬಂದರೆ ಈ ದಾರಿ ಪಟ್ಟಿಯಿಂದಲೇ ಹೋಗುತ್ತದೆ. ಒಬ್ಬರಾದರೂ ಹತ್ತಿದರೆ ಉಳಿಯುತ್ತದೆ. ಆದರೆ ಬಸ್ಸು ಮನೆ ಬಾಗಿಲಿಗೇ ಬರುತ್ತದೆಂದು ಆ ಜನಕ್ಕೆ ಯಾರೂ ತಿಳಿಸಿರಲಿಲ್ಲ. ಎಂಥ ಘನಂದಾರಿ ಕಚೇರಿ ನಮ್ಮದು! ಅವರೆಲ್ಲ ಎಂದಿನಂತೆ ಹೊಲದ ಕಾಲುದಾರಿ ಹಿಡಿದು ಮೋರಿಗೆ ಹೊರಟುಹೋಗಿದ್ದರು.

ಮೊದಲನೆಯ ಊರು, ಸೊನ್ನೆ. ಎರಡನೆಯದು, ಸೊನ್ನೆ. ಎರಡೂ ಕಡೆ ಭಾವ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾದ. ಬೇಗ ಹೊರಡು ಅನ್ನಲು ನನಗೆ ಯಾವ ಮುಖವಿತ್ತು?

ಮೂರನೆಯ ಊರಿನಲ್ಲೂ ನಿಲ್ಲಿಸಿದ. ಬಿಸಿಲು ನೆತ್ತಿಯ ಮೇಲಿತ್ತು. ಅಕ್ಕನ ಮನೆಗೆ ಬೀಗ. ನಾಯಿಯೂ ಬೊಗಳಲಿಲ್ಲ. ಬಸ್ಸಿನ ಬಾಗಿಲ ಮೆಟ್ಟಿಲು ಒಮ್ಮೆ ಕಿರುಗುಟ್ಟಿತು. ಆಮೇಲೆ ಬಸ್ಸಿನ ಸೂರಿನುದ್ದಕ್ಕೂ ಕಟ್ಟಿದ್ದ ಹಗ್ಗ ಜಗ್ಗಿ, ಡ್ರೈವರ್ ತಲೆಯ ಮೇಲಿನ ಗಂಟೆ ಎರಡು ಸಲ ಹೊಡೆಯಿತು. ಎರಡು ಹೊಡೆದರೆ ಹೊರಡು ಎಂದರ್ಥ. ಈ ಬಸ್ಸಿಗೆ ಕಂಡಕ್ಟರ್ ಇಲ್ಲ, ಖರ್ಚು ಉಳಿಸಲು ತೆಗೆದಿದ್ದಾರೆ. ತಿರುಗಿ ನೋಡಿದೆ. ಸೀಟುಗಳೆಲ್ಲ ಖಾಲಿ.

"ಯಾರು ಭಾವ ಬಾರಿಸಿದ್ದು?"

"ಹತ್ತಿದೋರು," ಅಂದು ಗೇರ್ ಹಾಕಿದ.

ಎಂದೂ ಇಷ್ಟು ನಿಧಾನವಾಗಿ ಅವನು ಬಸ್ಸು ಓಡಿಸಿದ್ದನ್ನು ನಾನು ಕಂಡಿಲ್ಲ. ಪ್ರತಿ ಗುಂಡಿಯನ್ನೂ ತಪ್ಪಿಸಿ, ತಪ್ಪಿಸಲಾಗದ್ದನ್ನು ಇಂಚಿಂಚಾಗಿ ಇಳಿಸಿ ಹತ್ತಿಸಿದ. ನನ್ನ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ಬಿಡುತ್ತಿದ್ದರು. ಮತ್ತೆ ತಿರುಗುವ ಧೈರ್ಯವಾಗಲಿಲ್ಲ. ಕಾಗದ ತೆಗೆದು, ಕಾಣದ್ದನ್ನು ಮೊದಲ ಸಲ ಬರೆದೆ: ಒಂದು. ಕಣ್ಣೀರು ತಡೆಯಲಾಗಲಿಲ್ಲ.

ವಾಪಸು ಮೋರಿಯ ಹತ್ತಿರ ಬಂದು ಬಸ್ಸು ನಿಂತಾಗ ಭಾವ ಎದ್ದು ಬಂದು ನನ್ನ ಕಾಗದ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಒಂದೇ ಬರ್ದಿದೀಯಲ್ಲ," ಅಂದ. "ಕೂಸು?"

ಕಂಕುಳ ಕೂಸನ್ನು ನಮ್ಮ ನಿಯಮ ಎಣಿಸುವುದಿಲ್ಲ. ಒಂದನ್ನು ಹೊಡೆದುಹಾಕಿ ಎರಡು ಅಂತ ಬರೆದೆ.