ಮೂರನೆಯ ಪೆಡಲು

ಹತ್ತೊಂಬತ್ತು ದಿನ ಧರೆಪ್ಪನಿಗೆ ಊಟದ ಮೇಲೂ ನಿದ್ದೆಯ ಮೇಲೂ ಲಕ್ಷ್ಯವಿರಲಿಲ್ಲ. ಮಂಗಸೂಳಿಯ ತನ್ನ ಮನೆಯ ಕೊಟ್ಟಿಗೆಯಿಂದ ಎಮ್ಮೆಗಳನ್ನು ಹೊರಗೆ ಕಟ್ಟಿ, ಅವು ನಿಲ್ಲುತ್ತಿದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ ತೋಡಿ, ಅದರ ಮೇಲೆ ತಂಗಿ ಚನ್ನವ್ವನ ಕಾರು ನಿಲ್ಲಿಸಿಕೊಂಡಿದ್ದ.

ಅದು ಜಪಾನಿನ ಹಳೆಯ ಕಾರು. ಅಪ್ಪ ಬದುಕಿದ್ದಾಗ ಮಿರಜದ ಒಬ್ಬ ಮುದಿ ಡಾಕ್ಟರರಿಂದ ಕೊಂಡು ತಂದದ್ದು. ಗೇರು ತಾನೇ ಬದಲಾಗುವ ಆಟೋಮ್ಯಾಟಿಕ್ ಗಾಡಿ. ಸುತ್ತಲಿನ ಊರುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಆರು ವರ್ಷ ಚನ್ನವ್ವ ಅದನ್ನು ತಾನೇ ಓಡಿಸಿಕೊಂಡು ಕಾಗವಾಡದ ಹಾದಿಯಲ್ಲಿದ್ದ ತನ್ನ ಶಾಲೆಗೆ ಹೋಗಿ ಬರುತ್ತಿದ್ದಳು. ೧೯೮೮ರ ಬೇಸಿಗೆಯಲ್ಲಿ ಒಂದು ದಿನ ಎಂಜಿನ್ ಅಬ್ಬರಿಸಿತು, ಗಾಲಿ ಮಾತ್ರ ಅಲುಗಲಿಲ್ಲ. ಅಡಿಯಲ್ಲಿ ಕೆಂಪು ಎಣ್ಣೆ ಹರಿಯಿತು. ನಿಪ್ಪಾಣಿಯಿಂದ ಕರೆಸಿದ ಮೇಸ್ತ್ರಿ ಬಗ್ಗಿ ನೋಡಿ, “ಇದರ ಹೊಟ್ಟ್ಯಾಗ ಏನೈತೋ ನನಗ ತಿಳಿಯಂಗಿಲ್ಲರಿ” ಎಂದು ಕೈಮುಗಿದ. ಮುಂಬಯಿಗೆ ಬರೆದ ಕಾಗದಕ್ಕೆ, ಅದರ ಸಾಮಾನು ಸಿಗುವುದಿಲ್ಲ ಎಂಬ ಉತ್ತರ ಬಂತು.

ಅಷ್ಟರಲ್ಲಿ ಚನ್ನವ್ವ ಶಿಕ್ಷಕರ ತರಬೇತಿಗೆಂದು ಬೆಳಗಾವಿಗೆ ಹೊರಟಳು. “ಹೆಂಗರ ಮಾಡಿ ನಾ ಬರೂದ್ರಾಗ ಗಾಡಿ ಚಾಲೂ ಮಾಡಣ್ಣಾ” ಎಂದಳು.

ಧರೆಪ್ಪ ದ್ರಾಕ್ಷಿ ತೋಟದವನಾದರೂ ಪಂಪು, ಟ್ರ್ಯಾಕ್ಟರು ಯಾವುದನ್ನೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಹಳೆಯ ಗೇರ್‌ಬಾಕ್ಸ್ ಬಿಚ್ಚಿದ. ಒಳಗಿನ ಪ್ಲೇಟುಗಳು ಸುಟ್ಟು ಕರಿಹಂಚಿನಂತಾಗಿದ್ದವು. ಕೊಲ್ಹಾಪುರದ ಗುಜರಿಯಿಂದ ಜೀಪಿನ ಗೇರ್‌ಬಾಕ್ಸ್ ತಂದ. ಅಥಣಿಯಲ್ಲಿ ಲೇಥ್ ಇಟ್ಟಿದ್ದ ಗೆಳೆಯ ಧನಪಾಲ, ಎಂಜಿನ್ನಿಗೂ ಅದಕ್ಕೂ ನಡುವೆ ಕೂರುವ ದಪ್ಪ ಪ್ಲೇಟು ಕೊರೆದುಕೊಟ್ಟ. ಮೂರು ಸಲ ತೂತು ತಪ್ಪಿತು, ನಾಲ್ಕನೆಯ ಸಲ ಕೂತಿತು. ಉದ್ದನೆಯ ಶಾಫ್ಟು ಕತ್ತರಿಸಿ ಬೆಸುಗೆ ಹಾಕಿದರು. ಗೇರಿನ ಕೋಲು ಮೇಲೆ ಬರಲು ಗಾಡಿಯ ತಳವನ್ನೇ ಕತ್ತರಿಸಿದರು. ಬ್ರೇಕಿನ ಪಕ್ಕ ಕ್ಲಚ್ಚಿನ ಪೆಡಲು ಕೂಡಿಸಿದರು.

ತಾಯಿ ಅಕ್ಕವ್ವ ಚಹಾ ತಂದವಳು ಒಮ್ಮೆ ಕೇಳಿದ್ದಳು: “ಚನ್ನಿಗಿ ಇದನ್ನ ಹೊಡ್ಯಾಕ ಬರ್ತೈತೇನೋ?”

“ನಾ ಕಲಸ್ತೇನಿ ಬಿಡಬೇ” ಎಂದಿದ್ದ ಧರೆಪ್ಪ, ಗುಂಡಿಯಿಂದ ತಲೆ ಎತ್ತದೆ.

ಇಪ್ಪತ್ತನೆಯ ದಿನ ಕಾರು ತೊಳೆದು, ತಾನೂ ಮೈತೊಳೆದು, ಧರೆಪ್ಪ ಕಾಗವಾಡದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ. ಮೊದಲ ಗೇರು, ಎರಡನೆಯದು, ಮೂರನೆಯದು, ಹಾದಿಯುದ್ದಕ್ಕೂ ಗಾಡಿ ಹೇಳಿದಂತೆ ಕೇಳಿತ್ತು. ಬಸ್ಸು ಬಂತು. ಚನ್ನವ್ವ ಕೋಲೂರಿಕೊಂಡು ಇಳಿದಳು. ಕಾರು ಕಂಡೊಡನೆ ಅವಳ ಮುಖ ಅರಳಿತು.

“ಚಾಲೂ ಆತೇನಣ್ಣಾ?”

ಧರೆಪ್ಪ ಸ್ಟೇರಿಂಗಿನ ಕಡೆಯ ಬಾಗಿಲು ತೆರೆದು ಹಿಡಿದ. “ಕೂಡು. ನೀನ ಹೊಡಿ.”

ಅವಳು ಕೂತಳು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಸತ್ವ ಹೋದ ಕಾಲು. ಅದನ್ನು ಯಾವಾಗಲೂ ಹಾಗೆಯೇ ಎತ್ತಿಡುತ್ತಿದ್ದಳು. ಆಮೇಲೆ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

“ಅಣ್ಣಾ, ಇಲ್ಲಿ ಮೂರ ಯಾಕದಾವ?”

“ಅದು ಕ್ಲಚ್ಚ. ಎಡಗಾಲ್ಲೆ ಒತ್ತಿ...” ಎಂದ ಧರೆಪ್ಪನ ಮಾತು ಅಲ್ಲಿಗೇ ನಿಂತಿತು.

ಇದೇ ತಂಗಿಯನ್ನು ನಾಲ್ಕನೆಯ ಇಯತ್ತೆಯವರೆಗೆ ಬೆನ್ನ ಮೇಲೆ ಹೊತ್ತು ಶಾಲೆಗೆ ಒಯ್ದವನು ಅವನೇ. ಕ್ಲಚ್ಚಿಲ್ಲದ ಗಾಡಿ ಎಂದೇ ಅಪ್ಪ ಇದನ್ನು ಹುಡುಕಿ ತಂದದ್ದೂ ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ದಿನ ಒಂದೊಂದು ನಟ್ಟು ನೆನಪಿಟ್ಟುಕೊಂಡವನಿಗೆ ಅದೊಂದು ಮಾತ್ರ ಒಮ್ಮೆಯೂ ನೆನಪಾಗಿರಲಿಲ್ಲ.

“ಯಾವ ಕಾಲ್ಲೆ ಒತ್ತಲೋ ಅಣ್ಣಾ?” ಚನ್ನವ್ವನ ದನಿ ಏರಿರಲಿಲ್ಲ. ಬಸ್ಸಿನಿಂದ ಇಳಿದವರು ಇಬ್ಬರು ತಿರುಗಿ ನೋಡಿದರು. ಅವಳು ಕಾಲನ್ನು ಮತ್ತೆ ಎತ್ತಿ ಹೊರಗಿಟ್ಟು, ಕೋಲು ಹಿಡಿದು ಇಳಿದು, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಹಾದಿಯಲ್ಲಿ ಧರೆಪ್ಪ ಆದಷ್ಟು ಕಡಿಮೆ ಗೇರು ಬದಲಿಸಿದ. ಬರುವಾಗ ಅಷ್ಟು ಹಿತವೆನಿಸಿದ್ದ ಗೇರಿನ ಸದ್ದನ್ನು ಈಗ ಕೇಳಲಾಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು; ಅವನು ನೋಡಲಿಲ್ಲ.

ಮರುದಿನವೇ ಅಥಣಿಗೆ ಓಡಿದ. ಧನಪಾಲ ವಿಷಯ ಕೇಳಿ ಲೇಥ್ ನಿಲ್ಲಿಸಿ ಸ್ಟೂಲಿನ ಮೇಲೆ ಕುಸಿದ. “ಲೇ, ನಾನೂ ಆಕೀನ ಸಣ್ಣಾಕಿ ಇದ್ದಾಗಿಂದ ನೋಡೇನಲ್ಲೋ. ನನಗೂ ಹೊಳೀಲಿಲ್ಲ ನೋಡು.” ಹಳೆಯ ಗೇರ್‌ಬಾಕ್ಸ್ ಆಗಲೇ ಗುಜರಿಗೆ ಹೋಗಿ ಒಡೆದಿತ್ತು. ಇದ್ದಿದ್ದರೂ ಅದಕ್ಕೆ ಜೀವ ಕೊಡುವವರು ಯಾರೂ ಇರಲಿಲ್ಲ.

ಮೂರು ದಿನ ಚನ್ನವ್ವ ಅವನೊಡನೆ ಮಾತಾಡಲಿಲ್ಲ. ಶಾಲೆ ಶುರುವಾಗಲು ವಾರವಿತ್ತು. “ದಿನಾ ನಾನ ಬಿಟ್ಟ ಬರ್ತೇನಂತ ಹೇಳಬೇ” ಎಂದು ಅವ್ವನ ಕೈಲಿ ಹೇಳಿಸಿದ. ಒಳಗಿನಿಂದ ಉತ್ತರ ಬಂತು: “ಆರು ವರ್ಷ ಯಾರ ಕಡಿಂದೂ ಬಿಡಿಸ್ಕೊಂಡಿಲ್ಲ ನಾ.”

ನಾಲ್ಕನೆಯ ದಿನ ಮುಂಜಾನೆ ಧನಪಾಲ ಸ್ಕೂಟರಿನ ಮೇಲೆ ಬಂದ. ತಪ್ಪು ತನ್ನದೂ ಇದೆ ಎಂದು ಚನ್ನವ್ವನಿಗೆ ಹೇಳಬೇಕೆಂದು ಬಂದವನು ಅಂಗಳದಲ್ಲೇ ತಡವರಿಸುತ್ತ ನಿಂತ. ಚನ್ನವ್ವ ಅವನ ಮಾತು ಕೇಳುತ್ತಿರಲಿಲ್ಲ. ಸ್ಕೂಟರಿನ ಹ್ಯಾಂಡಲ್ಲನ್ನು ನೋಡುತ್ತಿದ್ದಳು.

“ಧನಪಾಲಣ್ಣಾ, ಇದರ ಕ್ಲಚ್ಚ ಕೈಯಾಗ ಐತಲ್ಲ?”

“ಹೌದವಾ.”

“ಗೇರೂ ಅದ ಕೈಯಾಗ?”

“ಹೌದು.”

ಅವಳು ಕೊಟ್ಟಿಗೆಯ ಕಡೆ ತಿರುಗಿ, ಮೂರು ದಿನದ ಮೇಲೆ ಮೊದಲ ಸಲ ಅಣ್ಣನನ್ನು ಕರೆದಳು. “ಕಾಲ ಮರತಿ. ಕೈನೂ ಮರತೀಯೇನು?”

ಧರೆಪ್ಪ ಅಲ್ಲೇ ಅತ್ತುಬಿಟ್ಟ. ಅವಳು ಸಮಾಧಾನ ಮಾಡಲಿಲ್ಲ. “ಅಳೂದ ಆಮ್ಯಾಲ. ಪಾನಾ ತಗೋ” ಎಂದು ಸ್ಪ್ಯಾನರಿನ ಕಡೆ ಬೆರಳು ಮಾಡಿದಳು.

ಗೇರಿನ ಕೋಲಿಗೇ, ಸ್ಕೂಟರಿನ ಹ್ಯಾಂಡಲ್ಲಿನಲ್ಲಿರುವಂಥ ಒಂದು ಹಿಡಿಕೆ ಬೆಸೆದರು. ಕೋಲನ್ನೂ ಹಿಡಿಕೆಯನ್ನೂ ಒಟ್ಟಿಗೆ ಅಮುಕಿದರೆ ಕೇಬಲ್ ಎಳೆದು ಕ್ಲಚ್ಚಿನ ಪೆಡಲು ಕೆಳಗೆ ಹೋಗಬೇಕು. ಸ್ಕೂಟರಿನ ಕೇಬಲ್ ಮೊದಲ ಎಳೆತಕ್ಕೇ ಹರಿಯಿತು. ಟ್ರ್ಯಾಕ್ಟರಿನ ದಪ್ಪ ಕೇಬಲ್ ಹಾಕಿದರು. ಧರೆಪ್ಪನ ಹಿಡಿತಕ್ಕೂ ಅದು ಬಿಗಿಯೆನಿಸಿತು. “ಆಗಂಗಿಲ್ಲ ಬಿಡು” ಎಂದ. ಚನ್ನವ್ವ ಅವನನ್ನು ಸರಿಸಿ ಕೂತು, ಮೂವತ್ತು ವರ್ಷ ಊರುಗೋಲಿನ ಮೇಲೆ ಮೈಭಾರ ಹೊತ್ತ ಕೈಯಿಂದ ಒಮ್ಮೆ ಅಮುಕಿದಳು. ಪೆಡಲು ತಳಕ್ಕೆ ಹೋಗಿ ತಾಗಿತು.

ಐದು ದಿನ ತೋಟದ ಹಾದಿಯಲ್ಲಿ ಕಲಿತಳು. ಗಾಡಿ ಜಿಗಿಯಿತು, ನಿಂತಿತು, ಒಮ್ಮೆ ಬೇಲಿಗೆ ಮುಖ ಕೊಟ್ಟಿತು.

ಶನಿವಾರ ಮುಂಜಾನೆಯ ಶಾಲೆ. ಧರೆಪ್ಪ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತ.

“ಬ್ಯಾಡ. ಇಳಿ” ಎಂದಳು.

ಕಾಲುವೆಯ ಏರಿನಲ್ಲಿ ಗಾಡಿ ಎರಡು ಸಲ ನಿಂತದ್ದು ಮನೆಯ ಬಾಗಿಲಿಗೇ ಕೇಳಿಸಿತು. ಅಕ್ಕವ್ವ ಮಗನ ಅಂಗಿ ಹಿಡಿದುಕೊಂಡಳು, ಇಲ್ಲದಿದ್ದರೆ ಓಡಿಬಿಡುತ್ತಿದ್ದ. ಮೂರನೆಯ ಸಲ ಎಂಜಿನ್ ಎದ್ದು ಸದ್ದು ದೂರವಾಯಿತು.

ಮಧ್ಯಾಹ್ನದವರೆಗೂ ಅವನು ಕಟ್ಟೆಯಿಂದ ಏಳಲಿಲ್ಲ. ಹನ್ನೆರಡಕ್ಕೆ ಕಾರು ಬಂತು. ಹಿಂದಿನ ಸೀಟಿನಲ್ಲಿ ಅವಳ ಶಾಲೆಯ ಇಬ್ಬರು ಶಿಕ್ಷಕಿಯರು ಚೀಲ ತಬ್ಬಿಕೊಂಡು, ಜೀವ ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದರು. ಚನ್ನವ್ವ ಇಳಿದಳು. ಎಡ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

“ಎರಡನೇ ಗೇರ ಬೀಳಾಕ ಬಿಗಿ ಐತಿ” ಎಂದಳು ಅಣ್ಣನಿಗೆ. “ನಾಳೆ ರವಿವಾರ. ಬಿಚ್ಚಿ ನೋಡು.”